ಸಿಂದಗಿ ಒಂದು ಉಳಿದಿತ್ತು

ತಂತಿ ಬಂದಾಗ ನಾನು ಊಟಕ್ಕೆ ಕುಳಿತಿದ್ದೆ. ಸಾವಿರದ ಒಂಬೈನೂರ ಎಪ್ಪತ್ತೇಳನೆಯ ಇಸವಿ, ಮಾಘ ಮಾಸ. ಅಂಚೆಯವನು ಅಂಗಳದಲ್ಲಿಯೇ ನಿಂತು ಸಹಿ ಮಾಡಿಸಿಕೊಂಡು, ನನ್ನ ಮುಖ ನೋಡದೆ ಹೋಗಿಬಿಟ್ಟ. ನನ್ನ ಹೆಂಡತಿ ಚಂದವ್ವ ಎರಡು ದಿನದ ಹಿಂದೆ ಮುದ್ದೇಬಿಹಾಳದಲ್ಲಿರುವ ತನ್ನ ತಂಗಿ ರಾಮವ್ವನ ಮನೆಗೆ ಹೋಗಿದ್ದಳು. ಚಂದವ್ವ ಸೀರಿಯಸ್, ಕೂಡಲೇ ಹೊರಡಿರಿ ಎಂದು ತಂತಿಯಲ್ಲಿತ್ತು.

ನಮ್ಮ ಕಡೆ ತಂತಿಯಲ್ಲಿ ಯಾರೂ ಸತ್ತರೆಂದು ಬರೆಯಿಸುವುದಿಲ್ಲ. ಬರುವವರು ದಾರಿಯಲ್ಲಿ ಎದೆಗೆಡಬಾರದೆಂದು ಸೀರಿಯಸ್ ಎಂದೇ ಬರೆಯಿಸುತ್ತಾರೆ. ಮೂವತ್ತಾರು ವರ್ಷ ಇಂಡಿ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮಾಸ್ತರನಾಗಿದ್ದ ನಾನು ಇಂಥ ತಂತಿಗಳನ್ನು ಎಷ್ಟೋ ಮನೆಗಳಿಗೆ ಓದಿ ಹೇಳಿದ್ದೆ. "ಗಾಬರಿ ಆಗಬ್ಯಾಡ್ರಿ, ಬರೇ ಸೀರಿಯಸ್ ಅಂತ ಐತಿ" ಎಂದು ಸಮಾಧಾನ ಮಾಡಿಯೂ ಇದ್ದೆ.

ನೆರೆಮನೆಯ ಅಬಿದಾ ಹಾಲಿನ ಬಟ್ಟಲು ಹಿಡಿದುಕೊಂಡು ಒಳಗೆ ಬಂದಳು. ಚಂದವ್ವ ಊರಿಗೆ ಹೋದಾಗಲೆಲ್ಲ ನಮ್ಮ ಬೆಕ್ಕುಗಳಿಗೆ ಹಾಲು ಹಾಕುವ ಕೆಲಸ ಅವಳದು.

"ಏನಂತ್ರಿ ಮಾಸ್ತರ, ತಂತಿ?"

"ಸೀರಿಯಸ್ ಅಂತವಾ."

ಅಬಿದಾ ಹೊಸ್ತಿಲ ಮೇಲೆ ಹಾಗೆಯೇ ಕುಳಿತುಬಿಟ್ಟಳು. "ಇವತ್ತ ಸಂಜಿ ಬಸ್ಸಿಗೆ ಬರ್ತೇನಿ ಅಂದಿದ್ಲಲ್ರಿ" ಎಂದಳು. ಮೂರು ಬೆಕ್ಕುಗಳು ಅವಳ ಕೈಯಲ್ಲಿದ್ದ ಬಟ್ಟಲಿನ ಸುತ್ತ ತಿರುಗುತ್ತಲೇ ಇದ್ದವು.

ನನ್ನ ಮಗ ಬೀರಣ್ಣ ತಾಂಬಾದ ಶಾಲೆಯಲ್ಲಿ ಮಾಸ್ತರ. ಅವನನ್ನು ಕರೆಸಿಕೊಂಡು, ಒಂದು ಜೀಪು ಮಾಡಿಕೊಂಡು ಹೋದೆವು. ಚಂದವ್ವ ಆ ದಿನ ಬೆಳಗ್ಗೆ ಎದ್ದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಎದೆ ಹಿಡಿದಂತಾಗುತ್ತಿದೆ ಎಂದು ತಂಗಿಯ ತೊಡೆಯ ಮೇಲೆ ತಲೆ ಇಟ್ಟವಳು ಮತ್ತೆ ಏಳಲಿಲ್ಲವಂತೆ. ಅವಳನ್ನು ಇಂಡಿಗೆ ತಂದು, ಮರುದಿನ ಸಾಲೋಟಗಿ ದಾರಿಯ ನಮ್ಮ ಹೊಲದಲ್ಲಿ, ನನ್ನ ತಂದೆತಾಯಿಗಳ ಪಕ್ಕದಲ್ಲಿ ಮಣ್ಣು ಮಾಡಿದೆವು.

ನಮ್ಮ ಸಂಸಾರದ ಬಗೆಗೆ ಎರಡು ಮಾತು ಹೇಳಬೇಕು. ದೇವರು ನನಗೆ ಕೊಟ್ಟದ್ದನ್ನು ನಾನು ಬಹಳ ತಡವಾಗಿ ಕಂಡವನು. ನೌಕರಿ ಇರುವ ತನಕ ನಾನು ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ನಿವೃತ್ತಿಯಾದ ಮೇಲೆ ಅವಳೇ ಹೇಳತೊಡಗಿದಳು: ಬಸವನ ಬಾಗೇವಾಡಿಗೆ ಹೋಗಿ ಬಸವಣ್ಣನ ಗುಡಿ ನೋಡೋಣ, ಮುದ್ದೇಬಿಹಾಳಕ್ಕೆ ಹೋಗಿ ರಾಮವ್ವನನ್ನು ಮಾತಾಡಿಸೋಣ. ಕಾಶಿಗೋ ಶ್ರೀಶೈಲಕ್ಕೋ ಹೋಗೋಣವೆಂದರೆ ಒಪ್ಪುತ್ತಿರಲಿಲ್ಲ. "ಎರಡ ರಾತ್ರಿ ಮ್ಯಾಲ ಬೆಕ್ಕು ತಾಳೂದಿಲ್ರಿ" ಎನ್ನುತ್ತಿದ್ದಳು. ಹೀಗೆ ನಮ್ಮ ಯಾತ್ರೆಗಳ ಅಳತೆಯನ್ನು ಬೆಕ್ಕುಗಳೇ ಗೊತ್ತು ಮಾಡುತ್ತಿದ್ದವು.

ಆದರೆ ಆ ಎರಡು ರಾತ್ರಿಗಳಷ್ಟು ಸುಖವನ್ನು ನಾನು ಬೇರೆ ಕಾಣಲಿಲ್ಲ. ಬುತ್ತಿಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬಸ್ಸಿನ ಕಿಡಕಿಯ ಹತ್ತಿರ ಅವಳು, ಪಕ್ಕದಲ್ಲಿ ನಾನು. ಬಾಗೇವಾಡಿಯ ಗುಡಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, "ನೀವು ಜಪಾ ಮಾಡ್ತಿರ್ರಿ, ನಾ ಬಳಿ ಇಡಿಸಿಕೊಂಡು ಬರ್ತೇನಿ" ಎಂದು ಬಜಾರಕ್ಕೆ ಹೋಗುತ್ತಿದ್ದಳು. ಒಂದು ತಾಸಿನ ಮೇಲೆ ಬೆವರುತ್ತ ಬರುತ್ತಿದ್ದಳು. ಕೈಯಲ್ಲಿ ಹಳೆಯ ಬಳೆಗಳೇ ಇರುತ್ತಿದ್ದವು.

"ಇಡೀ ಬಾಗೇವಾಡಿಯೊಳಗ ನಿನ್ನ ಕೈಗೆ ಒಂದು ಬಳಿ ಸಿಗಲಿಲ್ಲೇನ?" ಎಂದು ನಾನು ನಗುತ್ತಿದ್ದೆ.

"ಬಣ್ಣ ಮನಸಿಗೆ ಬರಲಿಲ್ಲ ಬಿಡ್ರಿ" ಎನ್ನುತ್ತಿದ್ದಳು.

ಏಳು ವರ್ಷ ಹೀಗೆ ತಿರುಗಿದೆವು. ಸಿಂದಗಿಗೆ ಮಾತ್ರ ಹೋಗಲಿಲ್ಲ. ಅವಳು ಕೇಳಿದಾಗಲೆಲ್ಲ ನಾನು ಏನಾದರೊಂದು ನೆಪ ಹೇಳಿದೆ.

ಮೂರನೆಯ ದಿನ ಸಮಾಧಿಯ ಹತ್ತಿರ ಎಡೆ ಇಟ್ಟೆವು. ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ, ಮೊಸರನ್ನ, ಎಲ್ಲವೂ ಅವಳಿಗೆ ಸೇರುವ ಅಡುಗೆ. ಬೇವಿನ ಗಿಡದಲ್ಲಿ ಕಾಗೆಗಳು ಕುಳಿತಿದ್ದವು, ಒಂದೂ ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರ ಆಸೆ ಒಂದು ಉಳಿದಿದೆ ಎಂದು ನಮ್ಮವರ ನಂಬಿಕೆ. ಆಗ ಮನೆಯವರು ಒಬ್ಬೊಬ್ಬರಾಗಿ ಆ ಆಸೆಯನ್ನು ನಡೆಸಿಕೊಡುವುದಾಗಿ ಮಾತು ಕೊಡುತ್ತಾರೆ.

ಬೀರಣ್ಣ ಕೈ ಮುಗಿದು, "ಯವ್ವಾ, ಬೆಕ್ಕಿಗೆ ದಿನಾ ಹಾಲು ಹಾಕ್ತೇನಿ. ಒಂದನ್ನೂ ಹೊರಗ ಹಾಕೂದಿಲ್ಲ" ಎಂದ. ಕಾಗೆ ಬರಲಿಲ್ಲ. ಬಿಸಿಲು ಏರಿತು.

ರಾಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಮಾವಾ, ಅಕ್ಕನ ಆಸೆ ಏನಂತ ನಾ ಹೇಳ್ತೇನಿ. ಹೋಗೂ ಹಿಂದಿನ ಸಂಜಿಮುಂದ ನನ್ನ ಕೂಡ ಮಾತಾಡ್ಯಾಳ. ಇನ್ನ ಸಿಂದಗಿ ಒಂದು ಉಳೀತು ರಾಮವ್ವ, ನಿಮ್ಮ ಮಾವ ಒಲ್ಲೆ ಅಂತಾರ, ಅಂದ್ಲು."

"ಸಿಂದಗ್ಯಾಗ ಏನೈತಿ?" ಎಂದು ಬೀರಣ್ಣ ಕೇಳಿದ.

"ಕೆಂಚಿ ಅನ್ನೂ ಬೆಕ್ಕು ಇತ್ತಲ್ಲೋ, ಲಾರಿ ಹತ್ತಿ ಹೋತು ಅಂತಿದ್ರಲ್ಲ? ಅದನ್ನ ಹುಡುಕಾಕತ್ತಿದ್ಲು ನಿಮ್ಮವ್ವ, ಏಳು ವರ್ಷ. ಇಂಡಿ ಬಜಾರದ ಶೇಂಗಾ ಲಾರಿ ಯಾವ ಯಾವ ಊರಿಗೆ ಹೋಗ್ತಾವಂತ ಕೇಳಕೊಂಡು, ಆ ಊರಿಗೆಲ್ಲಾ ಹೋಗೂದು. ಮುದ್ದೇಬಿಹಾಳದಾಗ ಒಂದ ದಲಾಲಿ ಅಂಗಡಿ ಬಿಟ್ಟಿಲ್ಲ. ಮೋಟು ಬಾಲದ ಕೆಂಚ ಬೆಕ್ಕು ಬಂದೈತೇನ್ರಿ, ಅಂತ ಕೇಳೂದು. ಹಮಾಲರು ನಗ್ತಿದ್ರು. ನಾನೂ ನಾಚಿಕಿ ಪಟ್ಟೇನಿ. ಮಾವಗ ಹೇಳಬಾರದೇನಬೇ ಅಂದ್ರ, 'ದೇವರ ಹೆಸರಲೆ ಆದ್ರ ಕರಕೊಂಡು ಬರ್ತಾರ, ಬೆಕ್ಕಿನ ಹೆಸರು ಹೇಳಿದ್ರ ಬರ್ತಾರೇನು?' ಅಂತಿದ್ಲು."

ಬದುವಿನ ಮೇಲೆ ಕುಳಿತೆ.

ಕೆಂಚಿ ಲಾರಿ ಹತ್ತಿ ಹೋಗಿರಲಿಲ್ಲ. ಆ ಮಾತು ನಾನು ಹೇಳಿದ ಸುಳ್ಳು.

ನಿವೃತ್ತಿಗೆ ಎರಡು ತಿಂಗಳು ಇರುವಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಉತ್ತರ ಪತ್ರಿಕೆಗಳ ಗಂಟು ತಿದ್ದಲೆಂದು ನನ್ನ ಮನೆಗೆ ಬಂದಿತ್ತು. ಕೆಂಚಿ ಅದರ ಮೇಲೆ ಉಚ್ಚೆ ಹೊಯ್ದಿತು. ಹನ್ನೊಂದು ಹುಡುಗರ ಮಸಿ ಕಲಸಿಹೋಯಿತು. ಮೂವತ್ತಾರು ವರ್ಷ ಒಂದು ಕಪ್ಪುಚುಕ್ಕೆಯಿಲ್ಲದೆ ನೌಕರಿ ಮಾಡಿದವನು ಸಾಹೇಬರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಸಿಟ್ಟು ತಲೆಗೇರಿತು. ಚಂದವ್ವ ನೀರಿಗೆ ಹೋದಾಗ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿದೆ. ದಿಕ್ಕು ತಪ್ಪಿ ಮನೆಗೆ ಮರಳಬಾರದೆಂದು ನಮ್ಮಲ್ಲಿ ಚೀಲವನ್ನು ಊರ ಹೊರಗೆ ಮೂರು ಸುತ್ತು ತಿರುಗಿಸುತ್ತಾರೆ, ಅದನ್ನೂ ಮಾಡಿದೆ. ಶಾಲೆಯ ಕೆಲಸಕ್ಕೆಂದು ಸಿಂದಗಿಗೆ ಹೋದವನು ಒಂದು ದಲಾಲಿ ಅಂಗಡಿಯ ಹಿಂಬಾಗಿಲಲ್ಲಿ ಚೀಲ ಬಿಚ್ಚಿ ಬಂದೆ. ಕಾಳು ಇದ್ದಲ್ಲಿ ಇಲಿ ಇರುತ್ತವೆ, ಬೆಕ್ಕು ಸಾಯುವುದಿಲ್ಲ, ಪಾಪವೂ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು, "ಬಜಾರದಾಗ ಶೇಂಗಾ ಲಾರಿಯೊಳಗ ಮಲಗಿತ್ತಂತ, ಲಾರಿ ಹೋಗಿಬಿಟ್ಟೈತಿ" ಎಂದೆ. ಅವಳು ನನ್ನ ಮಾತನ್ನು ನಂಬಿದಳು.

ನನ್ನ ಸುಳ್ಳನ್ನೇ ನಂಬಿ ಅವಳು ಲಾರಿ ಹೋದ ಊರುಗಳನ್ನೆಲ್ಲ ಅಲೆದಳು. ಬೆಕ್ಕು ಇದ್ದ ಒಂದೇ ಊರಿಗೆ, ಸಿಕ್ಕಿಬೀಳುವ ಅಂಜಿಕೆಯಿಂದ, ನಾನು ಕರೆದೊಯ್ಯಲಿಲ್ಲ.

ಎಲ್ಲರ ಮುಂದೆ ಹೇಳಿದೆ. ಮಗ ನೆಲ ನೋಡಿದ. ರಾಮವ್ವ ಎದ್ದು ನಿಂತಳು.

"ಸುಳ್ಳು ಹೇಳಬ್ಯಾಡ್ರಿ ಅಂತ ಊರ ಮಕ್ಕಳಿಗೆಲ್ಲಾ ಕಲಿಸಿದ ಬಾಯಿ ಇದೇನು ಮಾವಾ? ಬಿಸಲಾಗ ತಿರಗಿ ತಿರಗಿ ಆಕಿ ಕಾಲು ಬಾತಿದ್ವು. ರಾತ್ರಿ ನಾ ಎಣ್ಣಿ ತಿಕ್ಕೇನಿ."

"ಚಿಗವ್ವಾ, ಸಾಕು ಬಿಡು" ಎಂದ ಬೀರಣ್ಣ.

"ತಡೀಬ್ಯಾಡಪಾ, ಆಡ್ಲಿ. ಆಕಿ ಆಡೂದ ಖರೇನ ಐತಿ" ಎಂದೆ ನಾನು.

ಕಾಗೆಗಳು ಹಾರಿಹೋದವು. ಎಡೆಯನ್ನು ಆಕಳಿಗೆ ತಿನ್ನಿಸಿದೆವು. ಅದಕ್ಕೂ ನಮ್ಮಲ್ಲಿ ಒಪ್ಪಿಗೆ ಇದೆ. ದಾರಿಯಲ್ಲಿ ರಾಮವ್ವ ನನ್ನಿಂದ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಯ ಹತ್ತಿರ ಬಂದಾಗ ತಿರುಗಿ ನಿಂತು ಹೇಳಿದಳು: "ಹನ್ನೊಂದನೇ ದಿನದ ಒಳಗ ಸಿಂದಗಿಗೆ ಹೋಗಿ ಬರ್ರಿ. ಬೆಕ್ಕಿನ ಗತಿ ಏನಾತಂತ ತಿಳಕೊಂಡು ಬಂದು ಆಕಿಗೆ ಹೇಳ್ರಿ. ಆಕಿ ಕೇಳಿದ್ದು ಅಷ್ಟ ಐತಿ."

ಐದನೆಯ ದಿನ ಮೊದಲ ಬಸ್ಸಿಗೆ ಹೊರಟೆ. ಸೂತಕದಲ್ಲಿ ಬೇರೆ ಊರಿಗೆ ಹೋಗುವುದು ರೂಢಿಯಲ್ಲ. ಆದರೆ ಹೋಗದೆ ಇರುವುದು ಅದಕ್ಕಿಂತ ದೊಡ್ಡ ದೋಷವೆನಿಸಿತು. ಪಕ್ಕದ ಸೀಟಿನಲ್ಲಿ ಯಾರೋ ಕುಳಿತಿದ್ದರು. ಒಂದೇ ಅಂಜಿಕೆ ನನ್ನನ್ನು ತಿನ್ನುತ್ತಿತ್ತು: ಆ ಬೆಕ್ಕು ನಾಯಿಯ ಬಾಯಿಗೆ ಬಿದ್ದಿದ್ದರೆ, ಹಸಿವೆಯಿಂದ ಸತ್ತಿದ್ದರೆ, ನಾನು ಸಮಾಧಿಯ ಮುಂದೆ ಏನೆಂದು ಹೇಳಲಿ?

ಅಂಗಡಿ ಅದೇ ಇತ್ತು. ಹಿಂಬಾಗಿಲಲ್ಲಿ ಬಿಳಿಗಡ್ಡದ ಹಮಾಲನೊಬ್ಬ ಚೀಲ ಹೊಲಿಯುತ್ತ ಕುಳಿತಿದ್ದ. ಹೆಸರು ಮೀರಾಸಾಬ ಎಂದ. ಒಳಗೆ ಕರೆದ, ಚಹಾ ತರಿಸುತ್ತೇನೆಂದ.

"ಬ್ಯಾಡಪಾ, ಸೂತಕ ಐತಿ. ಹೊರಗ ನಿಲ್ತೇನಿ."

"ಚಹಾಕ್ಕ ಎಂಥಾ ಸೂತಕ್ರಿ? ಅದಕ್ಕ ಜಾತೀನೂ ಇಲ್ಲ, ಸೂತಕಾನೂ ಇಲ್ಲ."

ಬೇವಿನ ನೆರಳಲ್ಲಿ ನಿಂತು ಚಹಾ ಕುಡಿದೆ. ಆಮೇಲೆ ಕೇಳಿದೆ: "ಏಳು ವರ್ಷದ ಹಿಂದ ಯಾರೋ ಇಲ್ಲಿ ಮೋಟು ಬಾಲದ ಕೆಂಚ ಬೆಕ್ಕು ಬಿಟ್ಟು ಹೋಗಿದ್ರು. ನಿನಗೇನಾರ ನೆಪ್ಪ ಐತೇನು?"

ಮೀರಾಸಾಬ ದಬ್ಬಣ ಕೆಳಗಿಟ್ಟು ನನ್ನ ಕರಿಟೊಪ್ಪಿಗೆ, ಕೋಟು, ಕೊಡೆ ಎಲ್ಲವನ್ನೂ ನಿಧಾನವಾಗಿ ನೋಡಿದ. ಅವನಿಗೆ ಎಲ್ಲವೂ ತಿಳಿಯಿತೆಂದು ನನಗೂ ತಿಳಿಯಿತು.

"ಯಾಕಿಲ್ರಿ. ನಾ ಆ ಕಾಳು ತುಂಬೂ ಹಗೇವಿನ ಕಟ್ಟಿ ಮ್ಯಾಲ ಮಲಗಿದ್ದೆ. ಕರಿಟೊಪಗಿ ಹಾಕ್ಕೊಂಡವರೊಬ್ರು ಚೀಲ ಬಿಚ್ಚಿದ್ರು. ಯಾರೋ ಸಾಲಿ ಮಾಸ್ತರ ಇರಬೇಕು ಅಂತ ಬೆಕ್ಕಿಗೆ ಮಾಸ್ತರ ಅಂತ ಹೆಸರಿಟ್ವಿ. ಆಮ್ಯಾಲ ನೋಡಿದ್ರ ಹೆಣ್ಣು! ಹೆಸರು ಹಂಗ ಉಳೀತು. ನಮ್ಮ ಸಾವಕಾರ ಬಾಬುಲಾಲ ಅವರು ಗಿರಾಕಿ ಬಂದ್ರ, 'ಮಾಸ್ತರ ಮರಿ ಹಾಕ್ಯಾರ, ಆ ಕಡೆ ಕಾಲಿಡಬ್ಯಾಡ್ರಿ' ಅಂತಿದ್ರು."

ನನಗೆ ನಗು ಬಂತು. ನಗುತ್ತಿರುವಾಗಲೇ ಕಣ್ಣು ತುಂಬಿದವು.

"ಈಗ ಎಲ್ಲೈತಿ?"

"ಹೋದ ಶ್ರಾವಣದಾಗ ತೀರಿಕೊಂತ್ರಿ. ವಯಸ್ಸಾಗಿತ್ತು. ನಮ್ಮ ಮನಿಯಾಕಿ ನಜಮಾ ಹಳೇ ಸೀರಿ ತುಂಡಿನ್ಯಾಗ ಸುತ್ತಿ ಕೊಟ್ಲು, ಆ ಗ್ವಾಡಿ ಹಿಂದ ಹುಗದ್ವಿ. ಹೊಟ್ಟಿಗಿ ಏನೂ ಕಡಿಮಿ ಆಗಲಿಲ್ರಿ." ದಬ್ಬಣ ಮತ್ತೆ ಕೈಗೆತ್ತಿಕೊಂಡು ಮುಂದುವರಿಸಿದ: "ಖರೇ ಹೇಳಬೇಕಂದ್ರ, ಮೊದಲ ಎಂಟ ದಿನ ಏನೂ ಮುಟ್ಟಲಿಲ್ಲ. ಇದ ಬಾಗಿಲದಾಗ ಕುಂತು ರಸ್ತೆ ನೋಡ್ತಿತ್ತು. ನಂತರ ಹೊಂದಕೊಂತು."

ಯಾರು ಸತ್ತದ್ದೆಂದು ಅವನು ಕೇಳಿದ. ಹೇಳಿದೆ. ಮೀರಾಸಾಬ ಎರಡೂ ಅಂಗೈ ಮೇಲೆತ್ತಿ ತನ್ನ ಪ್ರಾರ್ಥನೆ ಮಾಡಿದ. ನಾನು ಅವನ ಕಾಲಿಗೆ ಬಾಗಹೋದರೆ, "ಮಾಸ್ತರ ಆಗಿ ಹಮಾಲನ ಕಾಲಿಗಿ ಬೀಳ್ತೀರೇನು, ಏಳ್ರಿ" ಎಂದು ಭುಜ ಹಿಡಿದು ಎತ್ತಿದ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ರಾಮವ್ವ ಬಹಳ ಹೊತ್ತು ಅತ್ತಳು. ಆಮೇಲೆ ನನಗೆ ತಾನೇ ರೊಟ್ಟಿ ಬಡಿಸಿದಳು. ಬೀರಣ್ಣ ಮೆಲ್ಲಗೆ ಅಂದ: "ಅಪ್ಪಾ, ಆ ಎಂಟು ದಿನದ್ದು ಅವ್ವಗ ಹೇಳಬ್ಯಾಡ. ಚೊಲೊ ಇತ್ತು, ಸುಖದಿಂದ ಹೋತು ಅಂದುಬಿಡು. ಸುಮ್ಮನ ಆಕಿ ಜೀವಕ್ಕ ಯಾಕ ನೋವು?"

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೆ ಅವಳ ನೋವು ತಪ್ಪಿಸುವ ಹೆಸರಿನಲ್ಲಿ ನನ್ನ ಮಾನ ಉಳಿಸಿಕೊಂಡವನು ನಾನು. ಮತ್ತೊಮ್ಮೆ ಹಾಗೆ ಮಾಡಲಾರೆನೆಂದು ಮಗನಿಗೆ ಹೇಳಿದೆ.

ಹನ್ನೊಂದನೆಯ ದಿನ ಸಮಾಧಿಯ ಮುಂದೆ ಕುಳಿತು, ಚೀಲದಿಂದ ಮೊದಲುಮಾಡಿ ಗೋಡೆಯ ಹಿಂದಿನ ಮಣ್ಣಿನವರೆಗೆ, ಆ ಎಂಟು ದಿನಗಳನ್ನೂ ಸೇರಿಸಿ, ಒಂದನ್ನೂ ಬಿಡದೆ ಅವಳಿಗೆ ಹೇಳಿದೆ. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ನೀನು ನಕ್ಕ ನಗೆಯಾದರೂ ನನ್ನ ಸಲುವಾಗಿ ಇತ್ತೇನು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಬೆಕ್ಕಿನ ಸಲುವಾಗಿಯೇ ಇದ್ದಿದ್ದರೂ ಅದರಲ್ಲಿ ನನಗೆ ಸಿಕ್ಕ ಪಾಲು ಸಣ್ಣದಲ್ಲ. ಮಗ, ರಾಮವ್ವ, ಅಬಿದಾ ನನ್ನ ಹಿಂದೆ ನಿಂತಿದ್ದರು. ಕಣ್ಣು ಮುಚ್ಚಿ ಕೈ ಮುಗಿದೆ.

ಶಿವನೇ, ಇಂಥ ಹೆಂಡತಿಯನ್ನು ಕೊಟ್ಟೆ, ನನ್ನ ತಪ್ಪನ್ನು ಮುಖಕ್ಕೆ ಹೇಳುವ ಬಂಧುಗಳನ್ನು ಕೊಟ್ಟೆ, ಬುತ್ತಿ ಬಿಚ್ಚಿ ಕೂಡಿ ಉಣ್ಣುವ ನಾಲ್ಕು ದಿನಗಳನ್ನು ಕೊಟ್ಟೆ. ನಿನ್ನ ಉಪಕಾರ ದೊಡ್ಡದು. ಮೂಕಪ್ರಾಣಿಗೆ ಮಾಡಿದ ಅನ್ಯಾಯದ ಲೆಕ್ಕ ನನ್ನ ತಲೆಯ ಮೇಲಿರಲಿ, ಅವಳ ಮೇಲೆ ಬೇಡ. ನಡೆದು ನಡೆದು ದಣಿದ ಜೀವ ಅದು, ತಂದೆ. ಇನ್ನು ಎಲ್ಲಿಯೂ ಹುಡುಕುವ ಕೆಲಸ ಅವಳಿಗೆ ಉಳಿಯದಂತೆ ನಿನ್ನ ಪಾದದ ನೆರಳಲ್ಲಿ ಕೂರಿಸಿಕೋ. ಚಂದವ್ವನ ಆತ್ಮಕ್ಕೆ ಶಾಂತಿಯನ್ನು ಕೊಡು.