ಭಾಗವ್ವ ಅಂಟಿಸಿದ ಮೀಸೆ

ಮೂಡಲಪಾಳ್ಯದ ಹೆಂಗಸರ ಮಧ್ಯಾಹ್ನದ ತರಗತಿಗೆ ವತ್ಸಲಾ ಮೇಡಂ ಗುಜರಿ ಅಂಗಡಿಯಿಂದ ಹಳೆಯ ವಾರಪತ್ರಿಕೆಗಳ ಕಟ್ಟು ತಂದದ್ದು ಎರಡು ಸಾವಿರದ ಮೂರರ ಬೇಸಿಗೆಯಲ್ಲಿ. ಬೆಂಚಿನ ಮೇಲೆ ಎರಡು ರಾಶಿ ಮಾಡಿಸಿದರು. ಕಥೆ, ಧಾರಾವಾಹಿ ಎಡಕ್ಕೆ; ಇದ್ದದ್ದು, ನಡೆದದ್ದು ಬಲಕ್ಕೆ. ವಾರಭವಿಷ್ಯ ಎಲ್ಲಿಗೆ ಎಂಬ ವಾದ ಎರಡು ದಿನ ನಡೆದು, ಕೊನೆಗೆ ಅದನ್ನು ಕಿಟಕಿಯ ಮೇಲಿಟ್ಟರು.

ಆಮೇಲೆ ಮೇಡಂ, ನಿಮ್ಮ ಬೀದಿಯ ಬಗ್ಗೆ ನಿಜವನ್ನೇ ಬರೆಯಿರಿ, ಹೊರಗೋಡೆಗೆ ಹಚ್ಚೋಣ, ಒಂದು ಸುಳ್ಳು ಕಂಡರೂ ಎಡಗಡೆ ರಾಶಿಗೆ ಎಂದರು.

ಗದಗದ ಕಡೆಯ ಭಾಗವ್ವನಿಗೆ ಬಲಗಡೆಯೇ ಬೇಕಿತ್ತು. ಅರವತ್ತಕ್ಕೆ ಅಕ್ಷರ ಕಲಿತು, ಬರೆದ ಮೊದಲ ಪುಟವೇ ಸುಳ್ಳೆನ್ನಿಸಿಕೊಂಡರೆ ಹೇಗೆ? ಬೀದಿಗೆ ನೀರು ಬಿಡುವ ಚಿಕ್ಕಮುನಿಯಪ್ಪನ ಬಗ್ಗೆ ಬರೆದಳು: ಯಾವ ವಾರ, ಎಷ್ಟು ಹೊತ್ತಿಗೆ, ವಾಲ್ವಿಗೆ ಎಷ್ಟು ಸುತ್ತು. ಒಂದಕ್ಷರ ತಪ್ಪಿಲ್ಲ. ಆದರೆ ಪತ್ರಿಕೆಯಲ್ಲಿ ನಿಜ ಇದ್ದಲ್ಲೆಲ್ಲ ಫೋಟೋ ಇತ್ತಲ್ಲ? ಹಳೆಯ ಸಂಚಿಕೆಯಿಂದ ಗಿರಿಜಾ ಮೀಸೆಯ ಪೈಲ್ವಾನನೊಬ್ಬನನ್ನು ಕತ್ತರಿಸಿ, ಅನ್ನದ ಅಗುಳಿನಿಂದ ಅಂಟಿಸಿ, ಕೆಳಗೆ ‘ಶ್ರೀ ಚಿಕ್ಕಮುನಿಯಪ್ಪ’ ಎಂದು ದುಂಡಗೆ ಬರೆದಳು.

ಬೀದಿಯವರೆಲ್ಲ ಓದಿದರು. ಮಂಗಳವಾರ ಚಿಕ್ಕಮುನಿಯಪ್ಪ ತನ್ನ ನುಣ್ಣನೆಯ ಮುಖ ಹೊತ್ತು ಸೈಕಲ್ಲಿನಲ್ಲಿ ಬಂದರೆ, ಬೀದಿಯ ಮೊದಲ ಮನೆಯ ರಾಮಮ್ಮ ಕೊಡ ಅಡ್ಡ ಹಿಡಿದು ನಿಂತಳು. ಹದಿನೈದು ವರ್ಷದಿಂದ ನೋಡಿದ ಮುಖವೇ.

“ಗೋಡೆ ಮೇಲಿರೋರು ಬರ್ಲಿ. ನೀವ್ಯಾರಣ್ಣ ನಮ್ಮ ನೀರು ಮುಟ್ಟೋಕೆ?”

ಆತ ಗುರುತಿನ ಚೀಟಿ ತೋರಿಸಿದ. ಅದರಲ್ಲೂ ಮೀಸೆಯಿಲ್ಲ. ಚೀಟಿಯೂ ನಕಲಿ ಎಂದು ತೀರ್ಮಾನವಾಯಿತು. ಹೆಂಗಸರು ಪಕ್ಕದ ಬೀದಿಯ ಬೋರ್‌ವೆಲ್ಲಿನಿಂದ ನೀರು ಹೊರತೊಡಗಿದರು, ಯಾರೂ ಗೊಣಗಲಿಲ್ಲ.

ಚಿಕ್ಕಮುನಿಯಪ್ಪ ತರಗತಿಗೇ ಬಂದ. “ನಾನೇ ನಾನಲ್ಲ ಅನ್ನೋ ಹಾಗೆ ಮಾಡಿಟ್ಟಿದೀರ ಕಣಮ್ಮ,” ಎಂದು ಬಾಗಿಲಲ್ಲೇ ಕೂತ. ಪುಟವನ್ನು ಕಿತ್ತು ಎಡಗಡೆಗೆ ಹಾಕಲು ಮೇಡಂ ಹೊರಗೋಡೆಯತ್ತ ಹೊರಟರು. ತಪ್ಪು ತಿದ್ದಲು ಭಾಗವ್ವ ಒಂದು ತಿಂಗಳು ಗಡುವು ಬೇಡಿದಳು. ಪತ್ರಿಕೆಗಳಲ್ಲಿ ತಪ್ಪಾದಾಗ ಮೂಲೆಯಲ್ಲಿ ಹಾಕುವ ಹಾಗೆ, ‘ತಿದ್ದುಪಡಿ: ಈ ಚಿತ್ರ ಅವರದಲ್ಲ. ಅವರಿಗೆ ಮೀಸೆ ಇಲ್ಲ’ ಎಂದು ಚೌಕ ಹಾಕಿ ಪುಟದ ಕೆಳಗೆ ಹಚ್ಚಿದಳು. ಫೋಟೋನೇ ಇಲ್ಲದ್ದನ್ನು ನಂಬುವುದು ಹೇಗೆ ಎಂದು ಬೀದಿ ನಕ್ಕಿತು.

ಬೇರೆ ದಾರಿ ಕಾಣದೆ ಚಿಕ್ಕಮುನಿಯಪ್ಪ ಮೀಸೆ ಬಿಟ್ಟ. ನಾಲ್ಕನೆಯ ವಾರ ಅದಕ್ಕೆ ಎಣ್ಣೆ ಹಚ್ಚಿ ತುದಿ ಹುರಿಮಾಡಿಕೊಂಡು ಬಂದಾಗ ರಾಮಮ್ಮ ಕೊಡ ಸರಿಸಿದಳು. ಇಷ್ಟು ದಿನ ಎಲ್ಲಿ ಹೋಗಿದ್ರಿ, ನಿಮ್ಮ ಜಾಗಕ್ಕೆ ಯಾರೋ ಬೋಳುಮುಖದವನು ಬರುತ್ತಿದ್ದ ಎಂದು ದೂರಿದಳು. ನೀರು ಬಂತು.

ಮೇಡಂ ಗೋಡೆಯ ಮುಂದೆ ನಿಂತು ಚಿತ್ರವನ್ನೂ ಮನುಷ್ಯನನ್ನೂ ತಾಳೆ ನೋಡಿದರು. ಪುಟವನ್ನು ಬಿಡಿಸಿ ಒಳಗೆ ತಂದು ಬಲಗಡೆ ರಾಶಿಗೆ ಇಟ್ಟರು. ಭಾಗವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ತಿದ್ದುಪಡಿಯನ್ನೂ ಕಿತ್ತು ಓದಿದರು. ‘ಅವರಿಗೆ ಮೀಸೆ ಇಲ್ಲ.’ ಅದು ಎಡಗಡೆಗೆ ಹೊರಟಿತು.

ಭಾಗವ್ವ ಅವರ ಕೈ ಹಿಡಿದಳು.

“ಅದನ್ನ ಕಿಟಕಿ ಮ್ಯಾಲರ ಇಡ್ರೀ ಮೇಡಂ. ನಾ ಬರದಾಗ ಖರೇನ ಇತ್ರೀ.”