ಚೊಗರು ಕಲಸಿದ ಮದರಂಗಿ

ಹೊಸನಗರದಲ್ಲಿ ಭಾನುವಾರ ಬೆಳಿಗ್ಗೆ ಹೆಣ್ಣುಮಕ್ಕಳು ತಲೆಗೆ ಏನು ಹಚ್ಚಿಕೊಳ್ಳುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಎಣ್ಣೆ, ಮೊಸರು, ದಾಸವಾಳದ ಸೊಪ್ಪು, ಎಲ್ಲದಕ್ಕೂ ಬಚ್ಚಲಲ್ಲಿ ಜಾಗವಿದೆ. ಆದರೆ ಗಿರಿಧರನ ಮಗಳು ಯಶಸ್ವಿನಿ ಸಾಗರದಿಂದ ತಂದ ಡಬ್ಬಿಯ ಮೇಲಿದ್ದ ಹುಡುಗಿಯ ಕೂದಲು ಆಗಷ್ಟೇ ತಿಕ್ಕಿಟ್ಟ ಹಿತ್ತಾಳೆ ಚೊಂಬಿನ ಬಣ್ಣಕ್ಕಿತ್ತು. ಅದನ್ನು ಕಂಡದ್ದೇ ತಾಯಿ ಮೂಕಾಂಬಿಕಾ ಡಬ್ಬಿಯನ್ನು ಸೆರಗಿನಡಿ ಸೇರಿಸಿದಳು. ಜಗಲಿಯಲ್ಲಿ ಅತ್ತೆ ಕನ್ನಮ್ಮ ಕೂತಿದ್ದರು. ಕಣ್ಣು ಮಂಜಾಗಿದೆ ಅನ್ನುವುದು ಹೆಸರಿಗೆ ಮಾತ್ರ, ಕಾಣಬಾರದ್ದೆಲ್ಲ ಆ ಮುದುಕಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ಎಂತದೇ ಇದು?" ಮೂಕಾಂಬಿಕಾ ಪಿಸುಗುಟ್ಟಿದಳು.

"ಬ್ಲೀಚು. ತಲೆ ಪೂರ್ತಿ ಬ್ಲಾಂಡ್ ಮಾಡ್ಕಳ್ತೀನಿ."

"ತಲೆ ಕೆಟ್ಟಿದ್ಯಾ ನಿಂಗೆ?"

"ಕೆಟ್ಟ ತಲೆ ಹೊತ್ಕೊಂಡೇ ಹುಟ್ಟಿದ್ದಲ್ವಾ ಅಮ್ಮ. ಇನ್ನು ಹೊಸದಾಗಿ ಕೆಡೋದು ಎಂತ ಇದೆ?"

ಮಾತು ಸುಳ್ಳಲ್ಲ. ಹುಡುಗಿ ಹುಟ್ಟಿದಾಗಲೇ ಹಣೆಯ ನೇರಕ್ಕೆ, ಬೈತಲೆಯ ಬುಡದಲ್ಲಿ, ಎರಡು ಬೆರಳಗಲದ ಕೂದಲು ಹತ್ತಿಯಂತೆ ಬೆಳ್ಳಗಿತ್ತು. ಡಾಕ್ಟರು ನೋಡಿ, ಇದು ರೋಗವಲ್ಲ, ಕೆಲವರಿಗೆ ಹೀಗಿರುತ್ತೆ ಅಂದರು. ಡಾಕ್ಟರ ಮಾತು ಯಾರಿಗೆ ಬೇಕಿತ್ತು? ಬಸುರಿ ಸೊಸೆ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕಿಳಿದು ಒಣಗಿದ ಬಟ್ಟೆ ತೆಗೆದಿದ್ದಳು, ಅದರದೇ ಫಲ ಇದು ಅಂತ ಕನ್ನಮ್ಮ ತೀರ್ಪು ಕೊಟ್ಟುಬಿಟ್ಟರು. ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಈ ಕಥೆಯೂ ಸಿಗುತ್ತಿತ್ತು. ಮೂಕಾಂಬಿಕಾ ಕಾಫಿ ಲೋಟ ಇಟ್ಟು, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು.

ಅವಳು ತಲೆ ತಗ್ಗಿಸಿದ್ದಕ್ಕೆ ಕಾರಣ ಬೇರೆ ಇತ್ತು. ಅದೇ ಬಿಳಿ ಕೂದಲು, ಅದೇ ಜಾಗದಲ್ಲಿ, ಅವಳಿಗೂ ಹುಟ್ಟಿನಿಂದಲೇ ಇತ್ತು. ತೀರ್ಥಹಳ್ಳಿಯ ತವರಿನಲ್ಲಿ ಅವಳ ತಾಯಿ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು, ಅಂದರೆ ಚೊಗರು, ಅದನ್ನು ಮದರಂಗಿ ಪುಡಿಗೆ ಹುಯ್ದು ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿ, ಮಗಳ ತಲೆಗೆ ಹಚ್ಚಿ ಕಪ್ಪು ಮಾಡುತ್ತಿದ್ದಳು. ಮದುವೆಯ ದಿನ ಆ ಬಾಣಲೆಯನ್ನೂ ಪಾತ್ರೆಗಳ ಜೊತೆ ಕೊಟ್ಟು ಕಳಿಸಿ, "ಗಂಡನ ಮನೇಲಿ ಇದರ ಸುದ್ದಿ ಎತ್ತಬೇಡ" ಅಂದಿದ್ದಳು. ಮೂಕಾಂಬಿಕಾ ಎತ್ತಲೇ ಇಲ್ಲ. ಬೆಳಗಾಗುವ ಮುಂಚೆ ತನಗೆ ಹಚ್ಚಿಕೊಂಡು ತೊಳೆದು, ಆಮೇಲೆ ಮಗಳನ್ನು ಕೂರಿಸಿ ಮುಂದಲೆಗೆ ಹಚ್ಚುತ್ತಿದ್ದಳು. ತನ್ನ ತಲೆಯದು ಹೊರಗೆ ಬಂದರೆ ಹೆಣ್ಣು ಕೊಟ್ಟವರು ಮೋಸ ಮಾಡಿದರು ಅನ್ನುತ್ತಾರೆ ಎಂಬ ಭಯ ಮೊದಲಿಗೆ. ಆಮೇಲೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂತ ಕೇಳುತ್ತಾರೆ ಎಂಬ ಭಯ. ಭಯಕ್ಕೆ ಕಾರಣಗಳಿಗೇನು ಬರ.

ಯಶಸ್ವಿನಿಗೆ ಕೆಲಸ ಸಾಗರದ ಒಂದು ಕನ್ನಡಕದ ಅಂಗಡಿಯಲ್ಲಿ. ಅಲ್ಲಿ ಯಾವ ಗೋಡೆ ನೋಡಿದರೂ ಕನ್ನಡಿ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಲು ಬಗ್ಗಿದರೆ ಸಾಕು, ಬುಡದಲ್ಲಿ ಇಣುಕುವ ಬಿಳುಪು ಅವರ ಕಣ್ಣೆದುರೇ. "ಅಯ್ಯೋ ಪಾಪ, ಇಷ್ಟು ಸಣ್ಣ ವಯಸ್ಸಿಗೆ" ಅನ್ನುವವರು ಒಬ್ಬರೇ ಇಬ್ಬರೇ? ಹೊಸ ಕನ್ನಡಕ ಹಾಕಿಕೊಂಡು ಮೊಟ್ಟಮೊದಲು ನೋಡುವುದೇ ಅದನ್ನು.

"ಕಪ್ಪು ಮಾಡಿ ಮಾಡಿ ಸಾಕಾಯ್ತಮ್ಮ. ತಲೆಯೆಲ್ಲ ಹೊಂಬಣ್ಣ ಆದ್ರೆ ಆ ಬಿಳಿ ಅದ್ರಲ್ಲಿ ಕರಗಿ ಹೋಗುತ್ತೆ. ಮುಚ್ಚೋದೂ ಬೇಡ, ಹೇಳೋದೂ ಬೇಡ. ನಂಗೆ ಎಲ್ಲರ ಹಾಗೆ ಒಂದೇ ಬಣ್ಣದ ತಲೆ ಬೇಕು, ಅಷ್ಟೇ."

ಎಲ್ಲರ ಹಾಗೆ ಇರಬೇಕು ಅಂತ ಇಡೀ ಹೊಸನಗರದಲ್ಲಿ ಯಾರಿಗೂ ಇಲ್ಲದ ಬಣ್ಣ ಹಚ್ಚಿಕೊಳ್ಳಲು ಹೊರಟಿದ್ದಳು ಹುಡುಗಿ. ಮೂಕಾಂಬಿಕಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಹೇಳುವುದಿದ್ದರೆ ಈಗಲೇ ಹೇಳಬೇಕು ಅನ್ನಿಸಿತು. ಬಾಯಿ ತೆರೆದಳು. ತೆರೆದ ಬಾಯಲ್ಲಿ ಬಂದದ್ದು, "ಬಾ, ನಾನೇ ಹಚ್ತೀನಿ. ಹಿಂದ್ಗಡೆ ನಿಂಗೆ ಕೈ ಸಿಗಲ್ಲ" ಅನ್ನುವ ಮಾತು.

ಫೋನಿನಲ್ಲಿ ನೋಡಿದ ವಿಡಿಯೋದಲ್ಲಿ ಮೊದಲು ನಾಲ್ಕು ಎಳೆ ಕತ್ತರಿಸಿ ಪರೀಕ್ಷೆ ಮಾಡಿ ಅಂದಿದ್ದರು. ಯಶಸ್ವಿನಿ ಜಾಣೆ, ಯಾರಿಗೂ ಕಾಣದಿರಲಿ ಅಂತ ಕತ್ತಿನ ಹಿಂದಿನ ಎಳೆ ಕತ್ತರಿಸಿಕೊಟ್ಟಳು. ನೀಲಿ ಪುಡಿಗೆ ಹಾಲಿನಂಥ ದ್ರವ ಬೆರೆಸಿ ಅದರಲ್ಲಿ ಅದ್ದಿಟ್ಟು ತೊಳೆದರೆ, ಕೂದಲು ಹಲಸಿನ ತೊಳೆಯ ಬಣ್ಣಕ್ಕೆ ತಿರುಗಿತ್ತು. ತಾಯಿ ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಚಂದ ಇದೆ ಕಣೇ" ಅಂತ ಮೂಕಾಂಬಿಕಾ ಮನಸ್ಸಿನಿಂದಲೇ ಅಂದಳು.

ಹಿಂದಲೆ ಮುಗಿಸಿ ಮುಂದಲೆಗೆ ಬಂದಳು. ಹಚ್ಚಿ ಇನ್ನೂ ಕೈಗವಸು ಬಿಚ್ಚಿರಲಿಲ್ಲ.

"ಅಮ್ಮ, ಮುಂದ್ಗಡೆ ಬಿಸಿ ಆಗ್ತಾ ಇದೆ."

"ಅದೇ ಇರ್ಬೇಕು ಅದರ ಗುಣ."

"ಇಲ್ಲ ಅಮ್ಮ, ಸುಡ್ತಾ ಇದೆ. ಹಿಂದ್ಗಡೆ ಏನೂ ಇಲ್ಲ, ಮುಂದೆ ಮಾತ್ರ."

ಮೂಕಾಂಬಿಕಾ ಕೈಯಿಟ್ಟಳು. ಕೂದಲು ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ಹಾಗೆ ಕಾದಿತ್ತು, ಅದರಿಂದ ಹಬೆ ಏಳುತ್ತಿತ್ತು. ಎಲ್ಲಿಂದ ಎಲ್ಲಿಯವರೆಗೆ ಕಾದಿದೆ ಅಂತ ಕೈಗೆ ಗೊತ್ತಾಯಿತು. ಪ್ರತಿ ತಿಂಗಳು ತಾನು ಮದರಂಗಿ ಎಳೆಯುತ್ತಿದ್ದ ಗೆರೆಯವರೆಗೆ, ಒಂದು ಬೆರಳೂ ಆಚೆಗಿಲ್ಲ. ಬಾಣಲೆಯ ಕಬ್ಬಿಣ ಇಷ್ಟು ವರ್ಷ ಮಗಳ ಕೂದಲಿಗೆ ಇಳಿದಿತ್ತು, ಬ್ಲೀಚು ತಾಗಿದ್ದೇ ಅದು ಕಾದಿತ್ತು. ಕತ್ತಿನ ಹಿಂದಿನ ಎಳೆ ಆ ಬಾಣಲೆಯನ್ನು ಕಂಡೇ ಇರಲಿಲ್ಲ, ಅದು ಹೇಗೆ ತಾನೇ ಎಚ್ಚರಿಸೀತು?

ಮಗಳನ್ನು ಬಚ್ಚಲಿಗೆ ಎಳೆದೊಯ್ದು ಡ್ರಮ್ಮಿನ ತಣ್ಣೀರನ್ನು ಚೊಂಬು ಚೊಂಬಾಗಿ ಹುಯ್ದಳು. ನೀರಿನ ಜೊತೆ ಕೂದಲೂ ಇಳಿಯಿತು. ಕೈಗೆ ಸಿಕ್ಕಿದ್ದು ಕೂದಲಿನ ಹಾಗೇ ಇರಲಿಲ್ಲ, ನೆನೆದ ತೆಂಗಿನ ನಾರಿನ ಹಾಗಿತ್ತು. ಪುಣ್ಯಕ್ಕೆ ಚರ್ಮ ಬರೀ ಕೆಂಪಾಗಿತ್ತು, ಬೊಬ್ಬೆ ಎದ್ದಿರಲಿಲ್ಲ. ಉಳಿದದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಬೇಕಾಯಿತು. ಹಿಂದೆ ಭುಜದವರೆಗೆ ಹೊಂಬಣ್ಣ, ಮುಂದೆ ಕೊಯ್ದ ಗದ್ದೆಯ ಕೂಳೆ, ಅದರ ನಡುವೆ ಯಾವ ಮುಚ್ಚುಮರೆಯೂ ಇಲ್ಲದೆ ಬಿಳಿ ಗುರುತು.

ಗಲಾಟೆ ಕೇಳಿ ಕನ್ನಮ್ಮ ಕೋಲೂರಿಕೊಂಡು ಬಂದರು. ಮೊಮ್ಮಗಳನ್ನು ನೋಡಿ ಬಚ್ಚಲ ಹೊಸ್ತಿಲಲ್ಲೇ ಕೂತುಬಿಟ್ಟರು. "ಆ ಗ್ರಹಣ ಇನ್ನೂ ಬಿಡಲಿಲ್ವಲ್ಲ ಇದನ್ನ" ಅಂದರು.

ಅಷ್ಟು ಹೊತ್ತು ಅಳದಿದ್ದ ಯಶಸ್ವಿನಿ ಈಗ ಅತ್ತಳು. "ಯಾಕಮ್ಮ ಅವತ್ತು ಅಂಗಳಕ್ಕೆ ಹೋದೆ? ಎರಡು ಬಟ್ಟೆಗೋಸ್ಕರ? ಇಡೀ ಊರಲ್ಲಿ ನಂಗೊಬ್ಳಿಗೆ ಯಾಕೆ ಹೀಗೆ?"

ಗ್ರಹಣ ಪಹಣ ಎಲ್ಲ ಸುಳ್ಳು ಅಂತ ಅಂಗಡಿಯಲ್ಲಿ ಭಾಷಣ ಮಾಡುವ ಹುಡುಗಿ ಅವಳು. ಒಳಗೆ ಮಾತ್ರ ನಂಬಿದ್ದಳು. ಅದು ಮೂಕಾಂಬಿಕಾಳಿಗೆ ಗೊತ್ತೇ ಇರಲಿಲ್ಲ. ಅತ್ತೆಯ ಬೈಗುಳ ತನ್ನೊಬ್ಬಳ ಮೇಲೆ ಬೀಳುತ್ತಿದೆ, ಬೀಳಲಿ ಅಂದುಕೊಂಡಿದ್ದಳು. ಪಕ್ಕದಲ್ಲಿ ಕೂತ ಮಗು ಅದನ್ನೆಲ್ಲ ಕೇಳಿ ಕೇಳಿ ಬೆಳೆದಿತ್ತು.

ಅವಳು ಮಗಳೆದುರು ಮಂಡಿಯೂರಿ ಕೂತು, ಮುಡಿ ಬಿಚ್ಚಿ, ಬೈತಲೆಯನ್ನು ಎರಡೂ ಕೈಯಿಂದ ಬಿಡಿಸಿ ತಲೆ ಬಗ್ಗಿಸಿದಳು. "ನಿಂಗೊಬ್ಳಿಗಲ್ಲ. ನೋಡು."

"ಬುಡ ಬೆಳ್ಳಗಾಗಿದೆ. ವಯಸ್ಸಾಯ್ತಲ್ಲ ನಿಂಗೆ."

"ಆಚೀಚೆ ನೋಡು. ಎಲ್ಲ ಕಪ್ಪಿದೆ. ಇದು ನಾನು ಹುಟ್ಟಿದಾಗಿಂದ ಇದೆ. ಹುಟ್ಟಿದ ದಿನ ನಂಗೆಷ್ಟು ವಯಸ್ಸಾಗಿತ್ತು ಯಶು? ಗ್ರಹಣದಿಂದ ಬಂದಿದ್ದಲ್ಲ ಇದು. ನನ್ನಿಂದ ಬಂದಿದ್ದು."

ಯಶಸ್ವಿನಿಯ ಬೆರಳು ತಾಯಿಯ ಬೈತಲೆಯ ಮೇಲೆ ಹೋಯಿತು, ಬಂತು. "ಇಷ್ಟು ವರ್ಷ ನಾನೊಬ್ಳೇ ಅಂದ್ಕೊಂಡಿದ್ದೆ" ಅಂದಳು. "ನೀ ಪಕ್ಕದಲ್ಲೇ ಇದ್ದೆ. ಒಂದ್ಸಲ ಹೇಳ್ಬಹುದಿತ್ತು." ಸಿಟ್ಟಿತ್ತು ಮಾತಿನಲ್ಲಿ, ಇರಬೇಕಾದ್ದೇ. ಮೂಕಾಂಬಿಕಾ ತಲೆ ಎತ್ತಲಿಲ್ಲ. "ಹೇಳ್ಬೇಕಿತ್ತು" ಅಂದಳು, ಅಷ್ಟೇ.

ಹೊಸ್ತಿಲಿಂದ ಕನ್ನಮ್ಮನ ಕೈ ಮುಂದೆ ಬಂತು. ಕಣ್ಣಿಗೆ ಕಾಣದ್ದನ್ನು ತಡವಿ ತಿಳಿಯುವವರ ಹಾಗೆ ಸೊಸೆಯ ಬೈತಲೆ ಮುಟ್ಟಿದರು.

"ಎಂತ ಹೆಣ್ಣೇ ನೀನು. ಒಂದು ಮಾತು ಹೇಳಿದ್ರೆ ನಾನು ಬೈತಿರಲಿಲ್ವಲ್ಲ."

"ಬೈತಿದ್ರಿ ಅತ್ತೆ."

ಮುದುಕಿ ಕೈ ಹಿಂದೆ ತೆಗೆದರು. "ಹೌದು, ಬೈತಿದ್ದೆ" ಅಂದರು. ತೆಗೆದ ಕೈಯನ್ನು ಎಲ್ಲಿಡುವುದು ಅಂತ ತಿಳಿಯದೆ ಮತ್ತೆ ಅಲ್ಲೇ ಇಟ್ಟರು.

ಯಶಸ್ವಿನಿಗೆ ಅಳುವಿನ ನಡುವೆಯೇ ನಗು ಬಂತು. ಮೂಗು ಒರೆಸಿಕೊಂಡು ಕತ್ತರಿ ಕೈಗೆತ್ತಿಕೊಂಡಳು. "ಬಗ್ಗು ಅಮ್ಮ. ಮೇಲಿನ ಚೊಗರು ತೆಗೆದುಬಿಡ್ತೀನಿ." ಮೂಕಾಂಬಿಕಾ ಬಗ್ಗಿದಳು. ಮಡಿಲಿಗೆ ಕಪ್ಪು ಕೂದಲು ಬಿತ್ತು. ತವರು ಬಿಟ್ಟ ದಿನದಿಂದ ಕಾಪಾಡಿಕೊಂಡು ಬಂದದ್ದು, ಎರಡು ಕತ್ತರಿ ಏಟಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಸಾಗರದ ಬಸ್ಸಿಗೆ ಹೊರಟ ಮಗಳ ಕೈಗೆ ಮೂಕಾಂಬಿಕಾ ತಲೆಗೆ ಕಟ್ಟಿಕೊಳ್ಳಲು ಒಂದು ಸ್ಕಾರ್ಫ್ ಕೊಟ್ಟಳು. ಹುಡುಗಿ ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ನೀ ಕಟ್ಕೊಂಡ್ರೆ ನಾನೂ ಕಟ್ಕಳ್ತೀನಿ." ಮೂಕಾಂಬಿಕಾ ಸೆರಗು ಎಳೆದುಕೊಳ್ಳಲು ಎತ್ತಿದ ಕೈಯನ್ನು ಇಳಿಸಿದಳು. ಇಬ್ಬರೂ ಹಾಗೇ ಬಸ್‌ಸ್ಟ್ಯಾಂಡಿನವರೆಗೆ ನಡೆದರು.

ಬಸ್ಸು ಹೋದ ಮೇಲೆ ಅವಳು ಪೇಟೆಯ ದಾರಿಯಲ್ಲೇ ವಾಪಸು ಬಂದಳು. ದಿನಸಿ ಅಂಗಡಿಯ ಹೂವಯ್ಯ ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತ.

"ಎಂತ ಮೂಕಾಂಬಿಕಮ್ಮ, ತಲೆಗೆ ಎಂತ ಮಾಡ್ಕಂಡ್ರಿ?"

"ಎಂತದೂ ಮಾಡ್ಕಂಡಿಲ್ಲ ಹೂವಯ್ಯ" ಅಂದಳು ಮೂಕಾಂಬಿಕಾ. "ಹುಟ್ಟಿದಾಗಿಂದ ಇದ್ದಿದ್ದೇ. ನನ್ನ ಮಗಳಿಗೂ ಇದೆ."