ಮುಚ್ಚಳ ಮುಚ್ಚಿದವಳು

ಎಂಬತ್ತಮೂರು, ಅಣ್ಣ ಪರದೆ ನೋಡಿ ಓದುತ್ತಾನೆ, ನಿನ್ನೆ ಎಂಬತ್ತೊಂದಿತ್ತು, ಹೊರಟ ದಿನ ನಲವತ್ತೆಂಟು, ದೋಣಿಯ ಒಳಗಿನ ಗಾಳಿಯಲ್ಲಿ ನೂರಕ್ಕೆ ಎಷ್ಟು ತೇವ ಎಂಬ ಲೆಕ್ಕ ಅದು, ಒಳಗೆ ಮನುಷ್ಯರಿಲ್ಲ, ಎರಡೂವರೆ ಮೀಟರ್ ಉದ್ದದ ದೋಣಿಯಲ್ಲಿ ಮನುಷ್ಯರಿಗೆ ಜಾಗವೆಲ್ಲಿ, ಬೆನ್ನ ಮೇಲೆ ಎರಡು ಸೋಲಾರ್ ಫಲಕ, ಹೊಟ್ಟೆಯಲ್ಲಿ ಬ್ಯಾಟರಿ, ಮೋಟರು, ತನ್ನ ದಾರಿ ತಾನೇ ನೋಡಿಕೊಳ್ಳುವ ಒಂದು ಪುಟ್ಟ ಕಂಪ್ಯೂಟರ್, ಈಗ ಅವುಗಳ ಜೊತೆ ನೀರು — ಒಂದು ಚಮಚವೋ ಒಂದು ಲೋಟವೋ, ಕತ್ತಲಲ್ಲಿ, ಅಲೆ ಎತ್ತಿದಾಗ ಆಚೆಗೆ, ಇಳಿಸಿದಾಗ ಈಚೆಗೆ. ಈ ಸೆನ್ಸರ್ ಸುಳ್ಳು ಹೇಳ್ತಿದೆ ಕಣೆ, ನೀನು ಹಾಕಿದ ಮುಚ್ಚಳದಲ್ಲಿ ನೀರು ಹೋಗುತ್ತಾ? ನಗುತ್ತಾನೆ, ರೇಡಿಯೊ ರಿಪೇರಿಯವನಿಗೆ ಯಂತ್ರದ ಮೇಲೆ ಅನುಮಾನ, ತಂಗಿಯ ಕೈ ಮೇಲೆ ನಂಬಿಕೆ, ಇಪ್ಪತ್ತೆರಡು ವರ್ಷ ನೀರಿನ ಪಂಪು ಬಿಚ್ಚಿ ಜೋಡಿಸಿದ ಕೈ, ಬೆರಳ ತುದಿಯಲ್ಲೇ ರಬ್ಬರಿನ ವಯಸ್ಸು ಹೇಳುವ ಕೈ ಎಂದು ಊರೆಲ್ಲ ಹೇಳಿಕೊಂಡು ಬಂದವನು ಅವನೇ. ದೋಣಿ ಹೊರಟ ಬೆಳಿಗ್ಗೆ ನನ್ನ ಬೆರಳು ಏನೂ ಹೇಳಲಿಲ್ಲ, ದಡದಲ್ಲಿ ಚಳಿ, ಕೈ ಮರಗಟ್ಟಿತ್ತು, ಆಂಟೆನಾದ ತಂತಿ ಸರಿಯಿದೆಯೇ ಎಂದು ಕೊನೆಯ ಸಲ ಮುಚ್ಚಳ ತೆಗೆದೆ, ರಬ್ಬರ್ ಉಂಗುರ ಬಿಡಿಸಿ ಎಪ್ರನ್ನಿನ ಜೇಬಿಗೆ ಹಾಕಿದೆ, ಅದೇ ಜೇಬಿನಲ್ಲಿ ಕೆರೆಯ ಪರೀಕ್ಷೆಗೆಂದು ಏಳು ತಿಂಗಳು ಬಳಸಿ ಚಪ್ಪಟೆಯಾದ ಹಳೆಯದು, ಎರಡೂ ಕಪ್ಪು, ಎರಡೂ ಒಂದೇ ಅಳತೆ, ಬೇಗ ಬಾರೆ ಇಳಿತ ಶುರುವಾಯ್ತು ಎಂದು ಅಣ್ಣ ಕೂಗಿದ, ಕೈಗೆ ಸಿಕ್ಕಿದ್ದಕ್ಕೆ ಗ್ರೀಸ್ ಸವರಿ ಕೂರಿಸಿದೆ, ಎಂಟು ತಿರುಪು ಬಿಗಿದೆ, ಅಡ್ಡಡ್ಡ, ಒಂದಾದ ಮೇಲೆ ಐದು, ಎರಡಾದ ಮೇಲೆ ಆರು, ಬಿಗಿಯುವುದರಲ್ಲಿ ಯಾವ ತಪ್ಪೂ ಇರಲಿಲ್ಲ. ಮೂರನೇ ದಿನ ಎಪ್ರನ್ ಒಗೆಯಲು ಹಾಕುವಾಗ ಹೊಸದು ಕೈಗೆ ಬಂತು, ದುಂಡಗೆ, ಅಂಗಡಿಯ ಬಿಳಿ ಪುಡಿ ಮೈಮೇಲೆ ಹಾಗೇ ಇತ್ತು.

ಆಗಲೇ ಹೇಳಬಹುದಿತ್ತು, ದಡದಿಂದ ನೂರ ಎಪ್ಪತ್ತು ಕಿಲೋಮೀಟರ್ ಅಷ್ಟೇ, ಒಂದು ಮೀನಿನ ದೋಣಿ ಹೋಗಿ ಎಳೆದು ತರುತ್ತಿತ್ತು, ಆದರೆ ಅವತ್ತು ಅಣ್ಣ ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದ, ಇದು ಅವನ ಮೂರನೇ ದೋಣಿ, ಮೊದಲ ದೋಣಿಯ ಚುಕ್ಕಾಣಿಗೆ ಕಡಲಕಳೆ ಸುತ್ತಿಕೊಂಡಿತ್ತು, ಎರಡನೆಯದು ಹನ್ನೆರಡನೇ ದಿನ ಮಾತು ನಿಲ್ಲಿಸಿತ್ತು, ಆಮೇಲೆ ಅವನು ಹಾಗೆ ಉಂಡಿದ್ದನ್ನು ನಾನು ಕಂಡಿರಲಿಲ್ಲ, ನಾಳೆ ಹೇಳೋಣ ಎಂದುಕೊಂಡೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಹಳೆಯ ರಬ್ಬರೂ ಕೆಲವೊಮ್ಮೆ ತಡೆಯುತ್ತದೆ, ತಡೆಯುತ್ತದೆ, ಐವತ್ತೆರಡು, ಅರವತ್ತು, ಎಪ್ಪತ್ತೊಂದು — ನಲವತ್ತಾರು ದಿನ. ಅತ್ತಿಗೆ ಚಹಾ ತಂದಿಟ್ಟಳು, ಎಲ್ಲಿದೆಯಂತೆ ನಮ್ಮ ಮೊಂಡ, ಅಂದಳು, ಮೊಂಡ ಎಂದು ಹೆಸರಿಟ್ಟವಳೂ ಅವಳೇ, ಅದಕ್ಕಾದ್ರೂ ದಿನಕ್ಕೆ ಎಂಟು ಸಲ ಎಲ್ಲಿದೀನಿ ಅಂತ ತಿಳಿಸೋ ಬುದ್ಧಿ ಇದೆ, ನಿಮ್ಮಣ್ಣನಿಗೆ ಅಷ್ಟೂ ಇಲ್ಲ. ನಗಬೇಕಿತ್ತು, ನಕ್ಕೆ ಇರಬೇಕು. ಗಡಿಯಾರದಲ್ಲಿ ಒಂಬತ್ತು ಐವತ್ತೆರಡು. ಮೂರು ಗಂಟೆಗೊಮ್ಮೆ ದೋಣಿ ಉಪಗ್ರಹದ ಮೂಲಕ ಮಾತಾಡುತ್ತದೆ, ಆಗಲೇ ನಮ್ಮ ಮಾತನ್ನೂ ಕೇಳಿಸಿಕೊಳ್ಳುತ್ತದೆ, ಹತ್ತಕ್ಕೆ ಒಂದು ಮಾತು ಹೋಗಬೇಕು, ಮುಂದೆ ಬಿರುಗಾಳಿ ಬರುತ್ತಿದೆ, ನೇರ ಹೋದರೆ ಹತ್ತೊಂಬತ್ತು ದಿನದಲ್ಲಿ ಆಚೆ ದಡ, ಉತ್ತರಕ್ಕೆ ತಿರುಗಿಸಿದರೆ ನೂರ ತೊಂಬತ್ತು ಕಿಲೋಮೀಟರಿಗೆ ಒಂದು ದ್ವೀಪ, ಅಲ್ಲಿನ ಮೀನುಗಾರರು ಎತ್ತಿಕೊಳ್ಳುತ್ತಾರೆ, ಸಾಗರ ದಾಟುವುದು ಅಲ್ಲಿಗೆ ಮುಗಿಯಿತು, ಅವನ ಐದು ವರ್ಷದ ದುಡಿಮೆಯೂ. ಒಳಗೆ ಒಣಗಿದ್ರೆ ಬಿರುಗಾಳಿ ಏನು ಮಾಡುತ್ತೆ, ಮಗುಚಿದ್ರೂ ತಾನೇ ಏಳುತ್ತೆ, ನೇರ ಕಳಿಸ್ತೀನಿ, ಏನಂತೀಯ? ಒಣಗಿದ್ದರೆ. ನನ್ನನ್ನೇ ಕೇಳುತ್ತಾನೆ, ಅತ್ತಿಗೆಯನ್ನಲ್ಲ, ಯಂತ್ರವನ್ನಲ್ಲ. ಹೂಂ ಎಂದರೆ ಸಾಕು, ದೋಣಿ ಮುಳುಗಿದರೆ ಬಿರುಗಾಳಿ ಮುಳುಗಿಸಿತು ಎಂದಾಗುತ್ತದೆ, ಬಿರುಗಾಳಿಯನ್ನು ಯಾರು ವಿಚಾರಣೆಗೆ ಕರೆಯುತ್ತಾರೆ, ಒಂಬತ್ತು ಐವತ್ತೈದು, ಅವನ ಬೆರಳು ಕೀಲಿಮಣೆಯ ಮೇಲಿದೆ, ಕತ್ತಲಲ್ಲಿ ನೀರು ಆಚೆಗೆ, ಈಚೆಗೆ, ಬ್ಯಾಟರಿಯ ಕಾಲ ಬುಡದಲ್ಲಿ.

ಅಣ್ಣ, ಕಳಿಸ್ಬೇಡ. ಯಾರ ಧ್ವನಿ ಇದು, ಪಂಪಿನೊಳಗೆ ಗಾಳಿ ಹಿಡಿದಂತೆ. ಸೆನ್ಸರ್ ಸರಿಯಾಗಿದೆ, ನಾನು ಹಳೇ ಉಂಗುರ ಹಾಕ್ಬಿಟ್ಟೆ. ಅತ್ತಿಗೆಯ ಕೈಯ ಲೋಟ ನಿಂತಲ್ಲೇ ನಿಂತಿತು. ಅಣ್ಣ ತಿರುಗಲಿಲ್ಲ. ಯಾವಾಗ ಗೊತ್ತಾಯ್ತು? ಮೂರನೇ ದಿನ. ಮೂರನೇ ದಿನ, ಅಂದ, ಲೆಕ್ಕ ಬರೆದುಕೊಳ್ಳುವವನ ಹಾಗೆ. ಬೈಯಬೇಕಿತ್ತು, ಚಿಕ್ಕವಳಿದ್ದಾಗ ಅವನ ರೇಡಿಯೊ ಬೀಳಿಸಿದಾಗ ಬೈದ ಹಾಗೆ, ಲೋಟ ಎಸೆಯಬೇಕಿತ್ತು, ಬದಲಿಗೆ ನಕಾಶೆಯ ಮೇಲಿನ ನೇರ ಗೆರೆಯನ್ನು ಅಳಿಸಿದ, ದ್ವೀಪದ ಅಂಕಿಗಳನ್ನು ಒಂದೊಂದಾಗಿ ಬರೆದ, ಎರಡು ಸಲ ಓದಿ ನೋಡಿದ, ಮೊದಲಾಗಿದ್ದರೆ ಎರಡನೇ ಸಲ ನನ್ನಿಂದ ಓದಿಸುತ್ತಿದ್ದ. ಹತ್ತಕ್ಕೆ ಒತ್ತಿದ. ಇನ್ನೇನಾದ್ರೂ ಹೇಳೋದಿದೆಯಾ, ಅಂದ, ಪರದೆಗೆ ಹೇಳಿದಂತೆ. ಇಲ್ಲ. ಇಲ್ಲ ಎಂಬುದು ನಿಜ, ಆದರೆ ಇನ್ನು ಅದು ನಿಜದ ಹಾಗೆ ಕೇಳಿಸುವುದಿಲ್ಲ. ತಲುಪಿತು ಎಂಬ ಹಸಿರು ಅಕ್ಷರ ಬಂತು, ಅಲ್ಲಿ ಎಲ್ಲೋ ಚುಕ್ಕಾಣಿ ತಿರುಗಿರಬೇಕು, ಮೊಂಡ ಹೇಳಿದ ಮಾತನ್ನು ಮೊದಲ ಸಲ ಕೇಳಿ ಉತ್ತರಕ್ಕೆ ಮುಖ ಮಾಡಿರಬೇಕು, ಮೂರು ದಿನ, ಮೂರು ದಿನಕ್ಕಿಂತ ಸ್ವಲ್ಪ ಹೆಚ್ಚು, ನೀರು ಇನ್ನೆಷ್ಟು ಏರಿದರೆ ತಂತಿಗೆ ತಾಗುತ್ತದೆ, ಒಂದು ಬೆರಳೋ, ಅರ್ಧ ಬೆರಳೋ, ಅದನ್ನು ಹೇಳುವ ಸೆನ್ಸರ್ ಇಲ್ಲ, ಕತ್ತಲೊಂದಿದೆ, ನಾನು ಬಿಗಿದ ಎಂಟು ತಿರುಪಿನ ಕೆಳಗೆ, ಅದರೊಳಗೆ ನೀರು, ಅಲೆ ಎತ್ತಿದಾಗ ಆಚೆಗೆ, ಇಳಿಸಿದಾಗ ಈಚೆಗೆ, ಆಚೆಗೆ, ಈಚೆಗೆ, ಆಚೆಗೆ —